ತೊಂಬತ್ತಾರು ಮಂದಿ ಹಾಸ್ಟೆಲಿನಲ್ಲಿ, ನಾಲ್ವರು ನನ್ನ ಕೊಠಡಿಯಲ್ಲಿ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಯುವಕನೊಬ್ಬನನ್ನು ಅವನ ತಂದೆ ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂರು ವಾರಗಳಿಂದ ಅವನಿಗೆ ಸರಿಯಾದ ನಿದ್ದೆ ಇರಲಿಲ್ಲ. ಪಕ್ಕದ ಕೋಣೆಯವರು ತನ್ನ ಬಗ್ಗೆಯೇ ಪಿಸುಗುಡುತ್ತಾರೆಂಬ ಅನುಮಾನವಿತ್ತು. ಯಾರೂ ಇಲ್ಲದಿರುವಾಗಲೂ ಧ್ವನಿ ಕೇಳಿಸುತ್ತಿತ್ತು. ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ದಿನವೂ ಗಾಂಜಾ ಸೇದುತ್ತಿದ್ದುದನ್ನು ಅವನು ಮುಚ್ಚಿಡಲಿಲ್ಲ. ಆದರೆ ಇವೆರಡಕ್ಕೂ ಸಂಬಂಧವಿರಬಹುದೆಂದು ನಾನು ಹೇಳಿದೊಡನೆ, "ಸರ, ಆ ಸಂಶೋಧನೆ ಎಲ್ಲಾ ಅಮೆರಿಕಾದವರು ರೊಕ್ಕಾ ಕೊಟ್ಟು ಮಾಡ್ಸಿದ್ದು. ನಮ್ಮ ರೂಮಿನ್ಯಾಗ ಎಲ್ಲಾರೂ ಸೇದತಾರ, ಯಾರಿಗೂ ಏನೂ ಆಗಿಲ್ಲ" ಎಂದ.

ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದರಲ್ಲಿ ಎರಡು ವಾದಗಳಿವೆ, ಮತ್ತು ಮೊದಲನೆಯದಕ್ಕೆ ಆಧಾರವೇ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲವೇ ಕೆಲವು ಮಂಗಗಳಿಗೆ ಗಾಂಜಾ ಹೊಗೆ ಕೊಟ್ಟು ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆಂದು ಸಾರಲಾಯಿತು. ಮುಂದೆ ಹೆಚ್ಚು ಮಂಗಗಳ ಮೇಲೆ ಹೆಚ್ಚು ಎಚ್ಚರದಿಂದ ನಡೆಸಿದ ಪ್ರಯೋಗಗಳಲ್ಲಿ ಆ ಹಾನಿ ಕಾಣಲಿಲ್ಲ. ಅಲ್ಲಿನ ಸಂಶೋಧಕರಿಗೆ ದಶಕಗಳ ಕಾಲ ಕಾನೂನುಬದ್ಧವಾಗಿ ಸಿಗುತ್ತಿದ್ದುದು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಗಾಂಜಾ ಮಾತ್ರ, ಮತ್ತು ಅದನ್ನು ಒದಗಿಸುತ್ತಿದ್ದುದು ಮಾದಕ ವ್ಯಸನದ ಹಾನಿಯನ್ನು ಅಧ್ಯಯನ ಮಾಡುವುದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ನಮ್ಮ ದೇಶದ ಕಥೆ ಇನ್ನೂ ಹಳೆಯದು. ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ 1893–94ರಲ್ಲಿ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತೆರೆದು ನೋಡಿದಾಗ, ರೋಗಿಯ ಹೆಸರಿನ ಮುಂದೆ ಕಾರಣ "ಗಾಂಜಾ" ಎಂದು ಬರೆದಿದ್ದ ಎಷ್ಟೋ ಕಡೆ ಹಿಂದೆ ಯಾವ ವಿಚಾರಣೆಯೂ ನಡೆದಿರಲಿಲ್ಲ. ರೋಗಿಯನ್ನು ಕಳುಹಿಸಿದ ಪೊಲೀಸರು ಹೇಳಿದ್ದೇ ಕಾರಣವಾಗಿ ದಾಖಲಾಗಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿಯೂ ಆಗ ಅಂಥದೊಂದು ಆಸ್ಪತ್ರೆ ಇತ್ತು. ಮಿತವಾದ ಬಳಕೆಯಿಂದ ಸಾಮಾನ್ಯವಾಗಿ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೇ ಆ ಆಯೋಗ ವರದಿ ಕೊಟ್ಟಿತು.

ಇಷ್ಟು ದೂರ ಹೋಗುವುದೇಕೆ, ನನ್ನದೇ ತಪ್ಪೊಂದಿದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು 38ನೇ ವಯಸ್ಸಿನವರೆಗೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹದಿಹರೆಯದಲ್ಲೇ ಗಾಂಜಾ ಹಿಡಿದು ವರ್ಷಗಟ್ಟಲೆ ಬಿಡದವರ ಬುದ್ಧಿಮತ್ತೆಯ ಅಂಕ ಸರಾಸರಿ 8ರಷ್ಟು ಇಳಿದಿತ್ತು ಎಂದಿತು. ಈ "ಎಂಟು ಅಂಕ"ವನ್ನು ಕಾಲೇಜುಗಳ ಭಾಷಣದಲ್ಲಿ ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅವಳಿ ಮಕ್ಕಳಲ್ಲಿ ಸೇದಿದವನಿಗೂ ಸೇದದವನಿಗೂ ಅಂಥ ವ್ಯತ್ಯಾಸ ಕಾಣಲಿಲ್ಲವೆಂದು 2016ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಾಗ ನಾನು ತಡವರಿಸಿದೆ. ಅವಳಿಗಳು ಒಂದೇ ಮನೆಯಲ್ಲಿ ಬೆಳೆದವರಾದ್ದರಿಂದ, ಅಂಕ ಇಳಿಯಲು ಗಾಂಜಾಕ್ಕಿಂತ ಮನೆಯ ಪರಿಸ್ಥಿತಿ, ಬಿಟ್ಟುಹೋದ ಓದು ಮುಂತಾದವು ಕಾರಣವಾಗಿರಬಹುದು ಎಂಬುದು ಅವಳ ಪ್ರಶ್ನೆಯ ತಿರುಳಾಗಿತ್ತು. ಆ ಸ್ಲೈಡನ್ನು ಅಂದೇ ತೆಗೆದುಹಾಕಿದೆ. ಹಾಗೆಯೇ, ಅಪರೂಪಕ್ಕೆ ಸೇದುವವರ ಮಿದುಳಿನ ಆಕಾರವೇ ಬದಲಾಗುತ್ತದೆಂದು 2014ರಲ್ಲಿ ಸುದ್ದಿಯಾದ ಸ್ಕ್ಯಾನಿಂಗ್ ಅಧ್ಯಯನದಲ್ಲಿ ಸೇದುವವರು 20 ಮಂದಿ, ಸೇದದವರು 20 ಮಂದಿ ಮಾತ್ರ ಇದ್ದರು. ಮರುವರ್ಷ ಮತ್ತೊಂದು ಅಧ್ಯಯನದಲ್ಲಿ, ಮದ್ಯಪಾನದ ಪ್ರಮಾಣವನ್ನೂ ಸರಿಹೊಂದಿಸಿ ಹೋಲಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಜರಡಿ ಹಿಡಿದ ಮೇಲೂ ಕೆಳಗೆ ಬೀಳದೆ ಉಳಿಯುವ ಕಾಳು ಮನೋವಿಕಾರದ್ದು, ಅಂದರೆ ಇಲ್ಲದ ಧ್ವನಿ ಕೇಳುವ, ಇಲ್ಲದ ಸಂಚು ಕಾಣುವ ಕಾಯಿಲೆಯದ್ದು. ಸ್ವೀಡನ್ನಿನಲ್ಲಿ 1969–70ರಲ್ಲಿ ಸೇನೆಗೆ ಕರೆಸಿಕೊಂಡ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಗಮನಿಸಿದಾಗ, 50ಕ್ಕೂ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ದೀರ್ಘಕಾಲದ ಮನೋವಿಕಾರ ಸುಮಾರು ಆರು ಪಟ್ಟು ಹೆಚ್ಚು ಕಂಡಿತು. ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂಕಿ ಸುಮಾರು ಅರ್ಧಕ್ಕೆ ಇಳಿಯಿತು, ಆದರೆ ಅಳಿಸಿಹೋಗಲಿಲ್ಲ. ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿಯನ್ನೇ ಕೊಟ್ಟಾಗ ಕೆಲಹೊತ್ತು ಅವರಲ್ಲಿಯೂ ಸಂಶಯ, ಭ್ರಮೆಗಳು ಕಾಣಿಸಿಕೊಂಡವು. ಇಲ್ಲಿ ಬಡತನವನ್ನಾಗಲಿ ಮನೆಯನ್ನಾಗಲಿ ದೂರುವಂತಿಲ್ಲ. ಮಿದುಳು ತಾನೇ ತಯಾರಿಸಿಕೊಳ್ಳುವ ಒಂದು ರಾಸಾಯನಿಕಕ್ಕೆ 1992ರಲ್ಲಿ ವಿಜ್ಞಾನಿಗಳು ನಮ್ಮ "ಆನಂದ" ಎಂಬ ಪದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಅದು ಕುಳಿತುಕೊಳ್ಳುವ ಜಾಗದಲ್ಲೇ ಟಿಎಚ್‌ಸಿ ಬಂದು ಕೂರುತ್ತದೆ. ಉಸಿರಾಟ ನಡೆಸುವ ಭಾಗದಲ್ಲಿ ಅಂಥ ಜಾಗಗಳು ಬಹಳ ವಿರಳ; ಅಫೀಮಿನಂತೆ ಗಾಂಜಾ ಉಸಿರು ನಿಲ್ಲಿಸಿ ಕೊಲ್ಲದಿರುವುದಕ್ಕೂ, ಆ ಕಾರಣಕ್ಕೇ ಅದು ನಿರಪಾಯಕಾರಿ ಎಂದು ಜನ ನಂಬುವುದಕ್ಕೂ ಮೂಲ ಇದೇ.

"ಸಾಧುಗಳು ಹಿಂದಿನಿಂದ ಚಿಲುಮೆ ಸೇದಿಲ್ಲೇನ್ರಿ?" ಎಂದು ಕೇಳುವವರಿಗೆ ನಾನು ಮೆಣಸಿನಕಾಯಿ ಲೆಕ್ಕ ಹೇಳುತ್ತೇನೆ. ಬ್ಯಾಡಗಿಯೂ ಮೆಣಸಿನಕಾಯಿಯೇ, ಗುಂಟೂರೂ ಮೆಣಸಿನಕಾಯಿಯೇ. ಆದರೆ ಬ್ಯಾಡಗಿ ಹಾಕುವಷ್ಟೇ ಗುಂಟೂರು ಹಾಕಿದರೆ ಊಟ ಬಾಯಿಗಿಡಲಾಗದು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸುಮಾರು ಶೇ. 4 ಇದ್ದ ಟಿಎಚ್‌ಸಿ 2014ರ ಹೊತ್ತಿಗೆ ಸುಮಾರು ಶೇ. 12ಕ್ಕೆ ಏರಿತ್ತು.

ಇನ್ನು ಎರಡನೆಯ ವಾದ, ರೂಮಿನಲ್ಲಿ ಯಾರಿಗೂ ಏನೂ ಆಗಿಲ್ಲ ಎಂಬುದು. ಜೀವಮಾನದಲ್ಲಿ ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆ ನಾಲ್ಕು ಪಟ್ಟು ಹೆಚ್ಚಿತೆಂದೇ ಇಟ್ಟುಕೊಳ್ಳಿ. ಆಗಲೂ ನೂರರಲ್ಲಿ ತೊಂಬತ್ತಾರು ಮಂದಿ ಆರಾಮವಾಗಿಯೇ ಇರುತ್ತಾರೆ, ಮತ್ತು ಹಾಸ್ಟೆಲಿನ ಕಣ್ಣಿಗೆ ಬೀಳುವವರು ಅವರೇ. ಕಾಯಿಲೆ ಬಿದ್ದವನು ಕೋಣೆ ಖಾಲಿ ಮಾಡಿ ಊರಿಗೆ ಹೋಗಿರುತ್ತಾನೆ. ನನ್ನ ಎದುರು ಕುರ್ಚಿಯಲ್ಲಿ ಬಂದು ಕೂರುವವರು ಆ ನಾಲ್ವರು ಮಾತ್ರ, ಆದ್ದರಿಂದ ನನ್ನ ಅನುಭವವೂ ವಾಲಿದ ತಕ್ಕಡಿಯೇ. ಹುಡುಗನ ಕಣ್ಣನ್ನಾಗಲಿ ನನ್ನ ಕಣ್ಣನ್ನಾಗಲಿ ನೆಚ್ಚದೆ ಸಾವಿರಾರು ಜನರನ್ನು ವರ್ಷಗಟ್ಟಲೆ ಲೆಕ್ಕವಿಡಬೇಕಾಗುವುದು ಇದಕ್ಕೇ.

ಇಷ್ಟನ್ನೂ ಅವನಿಗೆ ಹೇಳಿದೆ, ಎಂಟು ಅಂಕದ ಕಥೆಯನ್ನೂ ಸೇರಿಸಿ. ಪೂರ್ತಿ ಒಪ್ಪಿದನೆನ್ನಲಾರೆ, ಆದರೆ ಔಷಧ ತೆಗೆದುಕೊಳ್ಳಲು ಮತ್ತು ಆರು ತಿಂಗಳು ಗಾಂಜಾ ಮುಟ್ಟದಿರಲು ಒಪ್ಪಿದ. ಆ ನಾಲ್ವರು ಯಾರಾಗುವರೆಂಬುದಕ್ಕೆ ಸಿಗುವ ದೊಡ್ಡ ಸುಳಿವು ಮನೆತನದ್ದಾದ್ದರಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ತಂದೆಯನ್ನು ಕೇಳಿದೆ. ಅವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದು, "ನನ್ನ ತಮ್ಮ ಒಬ್ಬಾಂವ ಇದ್ದ ಸರ, ಒಬ್ಬನ ಮಾತಾಡ್ತಿದ್ದ. ಒಂದಿನ ಮನಿ ಬಿಟ್ಟು ಹ್ವಾದಾಂವ ತಿರುಗಿ ಬರಲಿಲ್ಲ" ಎಂದರು. ತನಗೆ ಅಂಥ ಕಾಕಾ ಒಬ್ಬನಿದ್ದನೆಂಬುದನ್ನು ಮಗ ಕೇಳಿದ್ದು ಅದೇ ಮೊದಲು.