ಎಫ್ 0.95 ಲೆನ್ಸ್ ಹಾಕಿದರೆ ವ್ಯೂಫೈಂಡರ್ ಬೆಳಗುತ್ತದೆಯೇ?

ಪ್ರಶ್ನೆ: ರೇಂಜ್‌ಫೈಂಡರ್ ಕ್ಯಾಮೆರಾಗೆ 50 ಎಂಎಂ ಲೆನ್ಸ್ ನೋಡುತ್ತಿದ್ದೇನೆ. ಎಫ್ 2 ಸಾಕೇ, 1.4 ಬೇಕೇ? ದುಡ್ಡು ಕೂಡಿಸಿ 0.95 ತೆಗೆದುಕೊಂಡರೆ ಕತ್ತಲಲ್ಲಿ ವ್ಯೂಫೈಂಡರ್ ಚೆನ್ನಾಗಿ ಕಂಡು ಫೋಕಸ್ ಸುಲಭವಾಗುತ್ತದಂತೆ, ಹೌದೇ?

ಉತ್ತರ: ಕೊನೆಯ ಆ ‘ಅಂತೆ’ಯಿಂದಲೇ ಶುರುಮಾಡೋಣ. ಕೇಳುವವರು ಬದಲಾಗುತ್ತಾರೆ, ಅದು ಮಾತ್ರ ಬದಲಾಗುವುದಿಲ್ಲ.

ಲೆನ್ಸಿಗೆ ಕ್ಯಾಪ್ ಹಾಕಿ ವ್ಯೂಫೈಂಡರಿಗೆ ಕಣ್ಣಿಡಿ. ಎದುರಿನ ಕುರ್ಚಿ, ಕಿಟಕಿ ಎಲ್ಲ ನಿಚ್ಚಳವಾಗಿ ಕಾಣುತ್ತದೆ, ಅಲ್ಲವೇ? ಕ್ಯಾಪ್ ತೆಗೆಯಲು ಮರೆತು 36 ಫ್ರೇಮೂ ಖಾಲಿ ಬರುವುದು ಇದೇ ಕಾರಣಕ್ಕೆ. ನೀವು ನೋಡುತ್ತಿರುವುದು ಲೆನ್ಸಿನ ಮೂಲಕ ಅಲ್ಲ, ಬಾಡಿಯಲ್ಲೇ ಇರುವ ಬೇರೊಂದು ಗಾಜಿನ ಕಿಂಡಿಯ ಮೂಲಕ. ಎಫ್ ಅಂಕಿ ಕಿರಿದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಹೆಚ್ಚು, ನಿಜ; ಆದರೆ ಆ ಕಿಂಡಿಗೆ ಎಫ್ 3.5 ಆದರೂ ಒಂದೇ, 0.95 ಆದರೂ ಒಂದೇ. ಲೆನ್ಸಿನ ಬೆಳಕು ಕಣ್ಣಿಗೆ ಬರುವುದು ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್‌ನಲ್ಲಿ. ಅಲ್ಲಿನ ಮಾತನ್ನು ಇಲ್ಲಿಗೆ ತಂದು ಅಂಟಿಸಿದ್ದಾರೆ, ಅಷ್ಟೆ. ಪ್ಯಾಚ್ (ಎರಡು ಕಿಂಡಿಗಳ ಬಿಂಬಗಳು ಒಂದಾದಾಗ ಫೋಕಸ್ ಆಯಿತೆಂದು ತೋರಿಸುವ, ಫೈಂಡರಿನ ನಡುವಿನ ಚೌಕ) ಮಂಕಾಗಿದ್ದರೆ ಮೊದಲು ಕಿಂಡಿಗಳ ಮೇಲಿನ ಬೆರಳಚ್ಚು ಒರೆಸಿ.

ಸುಲಭವಾಗುವುದಿರಲಿ, 0.95ರಲ್ಲಿ ಫೋಕಸ್ ಇನ್ನೂ ಕಷ್ಟ. ದಪ್ಪ ಲೆನ್ಸ್ ಫೈಂಡರಿನ ಬಲ ಕೆಳಮೂಲೆಯನ್ನು ಮುಚ್ಚುತ್ತದೆ. ಒಂದು ಮೀಟರ್ ದೂರದಲ್ಲಿ ಎಫ್ 2 ಕೊಡುವ ಡೆಪ್ತ್, ಅಂದರೆ ಚೂಪಾಗಿ ಬರುವ ಆಳ, ಸುಮಾರು 4.5 ಸೆಂ.ಮೀ., 1.4ರಲ್ಲಿ 3 ಸೆಂ.ಮೀ., 0.95ರಲ್ಲಿ 2 ಚಿಲ್ಲರೆ. ಡೆಪ್ತ್ ಹೀಗೆ ಕುಗ್ಗಿದರೂ ರೇಂಜ್‌ಫೈಂಡರಿನ ನಿಖರತೆ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಅದನ್ನು ನಿರ್ಧರಿಸುವುದು ಎರಡು ಕಿಂಡಿಗಳ ಅಂತರ ಮತ್ತು ಫೈಂಡರಿನ ವರ್ಧನೆಯ ಗುಣಲಬ್ಧ: ಲೈಕಾ ಎಂ3ಯಲ್ಲಿ ಸುಮಾರು 63 ಮಿ.ಮೀ., 0.72 ವರ್ಧನೆಯ ಬಾಡಿಗಳಲ್ಲಿ ಸುಮಾರು 50. ಸಾಲದ್ದಕ್ಕೆ, ಮಧ್ಯದ ಪ್ಯಾಚ್‌ನಲ್ಲಿ ಕಣ್ಣಿಗೆ ಫೋಕಸ್ ಮಾಡಿ ಕ್ಯಾಮೆರಾವನ್ನು 15 ಡಿಗ್ರಿ ಹೊರಳಿಸಿದಿರೋ, ಫೋಕಸ್ 3 ಸೆಂ.ಮೀ.ಗೂ ಹೆಚ್ಚು ಹಿಂದೆ ಬೀಳುತ್ತದೆ. ಕಣ್ಣು ಮಸುಕು, ಕಿವಿ ಚೂಪು.

ಇನ್ನು ಆಯ್ಕೆ. ಎಫ್ 2ರಿಂದ 1.4ಕ್ಕೆ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು), ಅಲ್ಲಿಂದ 0.95ಕ್ಕೆ ಇನ್ನೊಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ. ಆ ಒಂದು ಸ್ಟಾಪ್‌ಗೆ ತೆರಬೇಕಾದ್ದು ನೋಡಿ: ಲೈಕಾ ಲೆನ್ಸುಗಳಲ್ಲಿ ಕಪ್ಪು ಸಮ್ಮಿಲಕ್ಸ್ 1.4 ಎಎಸ್‌ಪಿಎಚ್ 335 ಗ್ರಾಂ, 2004ರ ಆ ಮಾದರಿ 70 ಸೆಂ.ಮೀ.ವರೆಗೆ ಹತ್ತಿರ ಫೋಕಸ್ ಆಗುತ್ತದೆ. ಅದೇ ಲೈಕಾದ 2008ರ ನಾಕ್ಟಿಲಕ್ಸ್ 0.95 ತೂಕ 700 ಗ್ರಾಂ, ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ರಾತ್ರಿ ಕೆಲಸ ಹೆಚ್ಚಿದ್ದರೆ 1.4 ಅಥವಾ 1.5, ಇಲ್ಲದಿದ್ದರೆ ಎಫ್ 2 ಧಾರಾಳ. 1.4ಕ್ಕೂ 1.5ಕ್ಕೂ ಇರುವುದು ಸ್ಟಾಪ್‌ನ ಆರನೇ ಒಂದು ಭಾಗ, ಅದಕ್ಕೆ ನಿದ್ದೆಗೆಡಬೇಡಿ.

1.5 ಅಂದಕೂಡಲೇ ನೀವು ಕೇಳದ ಒಂದು ಮಾತನ್ನೂ ಹೇಳಬೇಕಾಗುತ್ತದೆ, ಯಾಕೆಂದರೆ ಆ ಲೆನ್ಸುಗಳಲ್ಲಿ ಕೆಲವು ಸೊನ್ನಾರ್ ಎಂಬ ಹಳೆಯ ವಿನ್ಯಾಸದವು. ಸೊನ್ನಾರ್ ಮಾದರಿಯ ಲೆನ್ಸ್ (ಲುಡ್ವಿಗ್ ಬರ್ಟೆಲೆ 1930ರ ದಶಕದಲ್ಲಿ ಕಾಂಟ್ಯಾಕ್ಸ್‌ಗಾಗಿ ರೂಪಿಸಿದ್ದು) ಅಪರ್ಚರ್ (ಬೆಳಕು ಒಳಬರುವ ರಂಧ್ರ) ಕಿರಿದಾದಂತೆ ಫೋಕಸನ್ನು ಹಿಂದಕ್ಕೆ ಜಾರಿಸುತ್ತದೆ. ಪ್ಯಾಚ್‌ಗೆ ಅಪರ್ಚರ್ ಎಷ್ಟೆಂದು ಗೊತ್ತಾಗುವುದೇ ಇಲ್ಲವಲ್ಲ! ಒಂದು ಮೀಟರ್ ದೂರದಲ್ಲಿ ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು, ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, 15ರ ಗೆರೆಗೆ ಫೋಕಸ್ ಮಾಡಿ. ರಿಂಗ್ ಮುಟ್ಟದೆ 1.5, 2, 2.8, 4ರಲ್ಲಿ ಒಂದೊಂದು ಫ್ರೇಮ್ ತೆಗೆಯಿರಿ; ಚೂಪು ಗೆರೆಯಿಂದ ಗೆರೆಗೆ ಹಿಂದೆ ಸರಿಯುವುದು ಕಾಣುತ್ತದೆ. ಆಮೇಲೆ ಪೂರ್ತಿ ತೆರೆದು, ಪ್ರತಿ ಸಲ ಹೊಸದಾಗಿ ಫೋಕಸ್ ಮಾಡುತ್ತಾ ಐದು ಫ್ರೇಮ್. ಐದೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪಿದ್ದರೆ ರಿಪೇರಿಯವರ ಹತ್ತಿರ ಹೋಗಿ. ಒಂದು ಹಿಂದೆ, ಒಂದು ಮುಂದೆ ಬಿದ್ದಿದ್ದರೆ ತಪ್ಪು ನೀವು ಫೋಕಸ್ ಮಾಡುವುದರಲ್ಲಿದೆ, ಲೆನ್ಸ್ ಬಿಚ್ಚಿಸಬೇಡಿ.