ಬಿಲ್ಲಿನ ಲೆಕ್ಕ ಯಾವ ಫೋಲ್ಡರಿನಲ್ಲಿರಬೇಕು? ವ್ಯೂ, ಕಂಟ್ರೋಲರ್ ಜಗಳದ ಹಿನ್ನೆಲೆ

ಪುಣೆಯ ಹಿಂಜವಡಿಯಲ್ಲಿ ನಾಲ್ಕು ಜನ ಕನ್ನಡದ ಡೆವಲಪರ್‌ಗಳು ಚಹಾಕ್ಕೆ ಸೇರಿದರೆ, ಊರಿಗೆ ಹೋಗುವ ಬಸ್ಸಿನ ಮಾತು ಮುಗಿದ ಮೇಲೆ ಈ ಜಗಳ ಬಂದೇ ಬರುತ್ತದೆ. ವೆಬ್ ಆ್ಯಪ್‌ನ ಕೋಡಿನಲ್ಲಿ, ಬಂದ ಕೋರಿಕೆ ನಿಭಾಯಿಸುವ ಕಂಟ್ರೋಲರ್‌ಗಳೆಲ್ಲ ಒಂದು ಫೋಲ್ಡರು, ಪುಟ ತೋರಿಸುವ ವ್ಯೂಗಳೆಲ್ಲ ಇನ್ನೊಂದು ಫೋಲ್ಡರು ಅಂತ ಇಡಬೇಕೋ, ಇಲ್ಲ ಬಿಲ್ಲಿಗೆ ಬೇಕಾದ್ದೆಲ್ಲ ಒಂದೇ ಕಡೆ ಇಡಬೇಕೋ? ವೆಬ್ ಆ್ಯಪ್‌ಗೆ ಸಿದ್ಧ ಚೌಕಟ್ಟು ಕೊಡುವ ಫ್ರೇಮ್‌ವರ್ಕ್‌ಗಳಲ್ಲಿ ಲಾರವೆಲ್ ಬಳಸುವವರು ಒಂದು ಹೇಳುತ್ತಾರೆ, ಜ್ಯಾಂಗೋದವರು ಇನ್ನೊಂದು. ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಮಾಡೆಲ್ (ಡೇಟಾ ಮತ್ತು ಅದರ ನಿಯಮ), ವ್ಯೂ, ಕಂಟ್ರೋಲರ್ ಅನ್ನುವ ಈ ವಿಂಗಡಣೆಗೆ ಎಂವಿಸಿ ಅನ್ನುತ್ತಾರೆ. ಇದು ವೆಬ್‌ಗಾಗಿ ಹುಟ್ಟಿದ್ದೇ ಅಲ್ಲ. 1979ರಲ್ಲಿ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಇದನ್ನು ಬರೆದಿಟ್ಟರು. ಅಲ್ಲಿನ ಸ್ಮಾಲ್‌ಟಾಕ್-80 ಪ್ರೋಗ್ರಾಮಿಂಗ್ ಭಾಷೆಯ ಹೊತ್ತಿಗೆ ಮೌಸ್, ಕೀಬೋರ್ಡ್ ನೋಡಿಕೊಳ್ಳುವುದು ಕಂಟ್ರೋಲರ್‌ನ ಕೆಲಸವಾಗಿತ್ತು. ಮಾಡೆಲ್ ಬದಲಾದರೆ ಪರದೆಯ ಮೇಲಿನ ವ್ಯೂಗೆ ಸುದ್ದಿ ಹೋಗುತ್ತಿತ್ತು. ವೆಬ್‌ನಲ್ಲಿ ಹಾಗಿಲ್ಲ, ಅಲ್ವಾ? ಬ್ರೌಸರ್ ಕೇಳುತ್ತದೆ, ಸರ್ವರ್ ಒಂದು ಪುಟ ಕೊಟ್ಟು ಮರೆತುಬಿಡುತ್ತದೆ. ಹೆಸರು ಅದೇ ಉಳಿಯಿತು, ಕೆಲಸ ಬೇರೆಯಾಯಿತು.

90ರ ದಶಕದ ಪಿಎಚ್‌ಪಿ, ಎಎಸ್‌ಪಿ ಪುಟಗಳಲ್ಲಿ ಡೇಟಾಬೇಸ್ ಕೇಳುವ ಕ್ವೆರಿ, ಪುಟ ಕಟ್ಟುವ ಎಚ್‌ಟಿಎಂಎಲ್ ಎಲ್ಲ ಒಂದೇ ಫೈಲಿನಲ್ಲಿರುತ್ತಿತ್ತು. ಆಮೇಲೆ 2000ದಲ್ಲಿ ಜಾವಾದ ಸ್ಟ್ರಟ್ಸ್, 2004ರಲ್ಲಿ ರೂಬಿ ಆನ್ ರೈಲ್ಸ್, 2005ರಲ್ಲಿ ಜ್ಯಾಂಗೋ, 2006ರಲ್ಲಿ ಪಿಎಚ್‌ಪಿಯ ಕೋಡ್‌ಇಗ್ನೈಟರ್ ಅನ್ನುವ ಫ್ರೇಮ್‌ವರ್ಕ್‌ಗಳು ಬಂದು ಇವನ್ನು ಬೇರೆ ಮಾಡಿದವು. ರೈಲ್ಸ್ ಮಾಡಿದ ದೊಡ್ಡ ಉಪಕಾರ ಅಂದರೆ ಫೋಲ್ಡರುಗಳನ್ನು ಮೊದಲೇ ಹಾಕಿಕೊಟ್ಟಿದ್ದು. ಯಾರ ಪ್ರಾಜೆಕ್ಟ್ ತೆರೆದರೂ ಕಂಟ್ರೋಲರ್ ಎಲ್ಲಿದೆ, ಅದರ ವ್ಯೂ ಎಲ್ಲಿದೆ ಅಂತ ಹುಡುಕಬೇಕಿಲ್ಲ. ಇದನ್ನು ಹಗುರವಾಗಿ ನೋಡಬಾರದು. ಜನ ಬಂದು ಹೋಗುತ್ತಲೇ ಇರುವ ಆಫೀಸುಗಳು ಇದರ ಮೇಲೇ ನಡೆದಿವೆ.

ನಾನು ಹತ್ತಿರದಿಂದ ನೋಡಿದ್ದು ಕೋಡ್‌ಇಗ್ನೈಟರ್ ಕಾಲ. ಸಣ್ಣ ಕಂಪನಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಅಗ್ಗದ ಹೋಸ್ಟಿಂಗ್‌ನಲ್ಲಿ ಓಡುತ್ತಿತ್ತು, ಬೇಗ ಕಲಿಯಬಹುದಿತ್ತು. ಆದರೆ ಅದರಲ್ಲಿ ಮಾಡೆಲ್ ಬೇಕಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ ಅನ್ನುವ ನಿಯಮ. ಡೆಡ್‌ಲೈನ್ ಇದ್ದವರು ಏನು ಮಾಡುತ್ತಾರೆ ಹೇಳಿ? ಫಾರ್ಮ್ ಪರೀಕ್ಷೆ, ಕ್ವೆರಿ, ತೆರಿಗೆ ಲೆಕ್ಕ, ಪಿಡಿಎಫ್, ಈಮೇಲ್ ಎಲ್ಲ ಕಂಟ್ರೋಲರ್‌ಗೇ ತುಂಬಿದರು. ಅತ್ತ ರೈಲ್ಸ್ ಲೋಕದಲ್ಲಿ 2006ರಲ್ಲೇ ಪ್ರೋಗ್ರಾಮರ್ ಜೇಮಿಸ್ ಬಕ್, ಕಂಟ್ರೋಲರ್ ತೆಳ್ಳಗಿರಲಿ, ಮಾಡೆಲ್ ದಪ್ಪಗಿರಲಿ ಎಂದು ಬರೆದಿದ್ದರು. ಅದನ್ನು ಪಾಲಿಸಿದವರ ಮಾಡೆಲ್‌ಗಳು ಎಷ್ಟು ಊದಿಕೊಂಡವು ಅಂದರೆ, 2013ರ ರೈಲ್ಸ್ 4ರಲ್ಲಿ ಮಾಡೆಲ್‌ನ ತುಂಡುಗಳನ್ನು ಇಡಲಿಕ್ಕೇ ಕನ್ಸರ್ನ್ಸ್ ಅನ್ನುವ ಫೋಲ್ಡರು ಬಂತು. ಸಾಮಾನು ಅಷ್ಟೇ ಇತ್ತು, ಕಪಾಟು ಜಾಸ್ತಿಯಾಯಿತು.

ಹುಳುಕು ಸರಿಯಾಗಿ ಕಂಡಿದ್ದು 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದಾಗ. ಪುಣೆಯ ಕೋಥ್ರೂಡ್‌ನ ಅಂಗಡಿ ಮಹಾರಾಷ್ಟ್ರದೊಳಗೇ ಮಾರಿದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅಂತ ಎರಡು ಸಾಲು. ಬೆಳಗಾವಿಗೆ ಕಳಿಸಿದರೆ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿಯ ಒಂದೇ ಸಾಲು. ಬದಲಾಗುವುದು ಬಿಲ್ಲಿನ ಸಾಲು ತಾನೇ, ಅದಕ್ಕೆ ಬಹಳ ಜನ ಷರತ್ತನ್ನು ವ್ಯೂನಲ್ಲೇ ಬರೆದರು. ಗ್ರಾಹಕನ ರಾಜ್ಯದ ಕೋಡ್ 27 (ಮಹಾರಾಷ್ಟ್ರ) ಇದ್ದರೆ ಹೀಗೆ, 29 (ಕರ್ನಾಟಕ) ಅಥವಾ 30 (ಗೋವಾ) ಇದ್ದರೆ ಹಾಗೆ. ಆಮೇಲೆ ಅದೇ ಲೆಕ್ಕ ಪಿಡಿಎಫ್‌ಗೂ ಬೇಕು, ಎಕ್ಸೆಲ್‌ಗೂ ಬೇಕು, ರಿಟರ್ನ್ ವರದಿಗೂ ಬೇಕು. ಕಾಪಿ, ಪೇಸ್ಟ್. ಅಷ್ಟರಲ್ಲಿ ಹಿಂಜವಡಿಯ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಒಳಗಿನ ಕಂಪನಿಯೊಂದು ಗ್ರಾಹಕನಾಗಿ ಬಂತು ಅನ್ನಿ. ರಾಜ್ಯ ಅದೇ, ಕೋಡೂ 27. ಆದರೆ ಕಾನೂನಿನಲ್ಲಿ ಎಸ್‌ಇಝಡ್‌ಗೆ ಮಾರಿದ್ದು ಅಂತರರಾಜ್ಯ ಮಾರಾಟ ಎಂದೇ ಲೆಕ್ಕ, ಅದು ಐಜಿಎಸ್‌ಟಿಗೆ ಸೇರುತ್ತದೆ. ವ್ಯೂ ಸರಿ ಮಾಡಿದರೆ ಎಕ್ಸೆಲ್ ತಪ್ಪು, ಎಕ್ಸೆಲ್ ಸರಿ ಮಾಡಿದರೆ ವರದಿ ತಪ್ಪು. ಫೋಲ್ಡರುಗಳು ಮಾತ್ರ ಪುಸ್ತಕದಲ್ಲಿ ಹೇಳಿದಂತೆ ನೀಟಾಗಿಯೇ ಇದ್ದವು. ಯಾರನ್ನು ದೂರುವುದು? ತಾರೀಕು ಸರ್ಕಾರದ್ದು, ಫೋಲ್ಡರು ಫ್ರೇಮ್‌ವರ್ಕಿನದು, ಬರೆದವರು ಆಗಲೇ ಬೇರೆ ಕಂಪನಿಯಲ್ಲಿ.

ಬಿಲ್ಲಿಗೆ ಬೇಕಾದ್ದೆಲ್ಲ ಒಂದೇ ಕಡೆ, ಹೀಗೆ ಕೆಲಸದ ಪ್ರಕಾರ ಜೋಡಿಸುವ ದಾರಿ ಹೊಸದೇನಲ್ಲ. ಜ್ಯಾಂಗೋ ಮೊದಲಿನಿಂದಲೂ ಪ್ರಾಜೆಕ್ಟನ್ನು ಒಂದೊಂದು ಕೆಲಸದ ಸಣ್ಣ ಆ್ಯಪ್‌ಗಳಾಗಿ ಒಡೆಯುತ್ತದೆ. ಮೈಕ್ರೋಸಾಫ್ಟ್‌ನ ಎಎಸ್‌ಪಿ.ನೆಟ್ ಎಂವಿಸಿ 2 ಫ್ರೇಮ್‌ವರ್ಕಿನಲ್ಲಿ, 2010ರಲ್ಲಿ, ಒಂದು ವಿಭಾಗದ ಕಂಟ್ರೋಲರ್, ವ್ಯೂಗಳನ್ನು ಒಟ್ಟಿಗಿಡುವ ಏರಿಯಾಗಳು ಬಂದವು. 2017ರಲ್ಲಿ ಬಂದ ಅವರದೇ ರೇಜರ್ ಪೇಜಸ್‌ನಲ್ಲಿ ಪುಟ ಮತ್ತು ಅದರ ಕೋಡ್ ಅಕ್ಕಪಕ್ಕ ಕೂತವು. ಎಲಿಕ್ಸಿರ್ ಭಾಷೆಯ ಫೀನಿಕ್ಸ್ ಫ್ರೇಮ್‌ವರ್ಕ್ 2023ರ 1.7 ಆವೃತ್ತಿಯಲ್ಲಿ ಪುಟದ ಅಚ್ಚುಗಳಾದ ಟೆಂಪ್ಲೇಟುಗಳನ್ನು ಕಂಟ್ರೋಲರ್ ಪಕ್ಕಕ್ಕೇ ತಂದಿತು. ಲಾರವೆಲ್ ಕಥೆ ಇನ್ನೂ ಮಜಾ: 2015ರಲ್ಲಿ ಮಾಡೆಲ್ ಫೋಲ್ಡರನ್ನೇ ತೆಗೆದುಹಾಕಿತು, 2020ರಲ್ಲಿ ಸುಮ್ನೆ ವಾಪಸ್ ತಂದಿತು. ಈ ನಡುವೆ ರಿಯಾಕ್ಟ್ ಥರದ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ವ್ಯೂ ಕೆಲಸವನ್ನು ಬ್ರೌಸರ್‌ಗೆ ಒಯ್ದಿದ್ದರಿಂದ ಎಷ್ಟೋ ಕಡೆ ಸರ್ವರಿನ ವ್ಯೂ ಫೋಲ್ಡರಿನಲ್ಲಿ ಈಮೇಲ್ ಟೆಂಪ್ಲೇಟ್ ಬಿಟ್ಟರೆ ಏನೂ ಉಳಿದಿಲ್ಲ.

ಕೆಲಸದ ಪ್ರಕಾರ ಇಟ್ಟರೂ ತಕರಾರು ತಪ್ಪುವುದಿಲ್ಲ. ಗ್ರಾಹಕನ ವಿಳಾಸ ಬಿಲ್ಲಿಗೂ ಬೇಕು, ಬಾಕಿ ಪಟ್ಟಿಗೂ ಬೇಕು. ಅದು ಯಾರ ಫೋಲ್ಡರು? ಆಗ ಕಾಮನ್ ಅಂತ ಒಂದು ಹುಟ್ಟುತ್ತದೆ, ಆರು ತಿಂಗಳಿಗೆ ಅದರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಕಂಡ ಮಟ್ಟಿಗೆ ಮೊದಲು ತೆರಿಗೆಯಂಥ ನಿಯಮವನ್ನು ಬೇರೆ ಕ್ಲಾಸಿಗೆ (ಕೋಡಿನ ಪ್ರತ್ಯೇಕ ತುಂಡಿಗೆ) ಎತ್ತಿ, ಎಸ್‌ಇಝಡ್ ಸಹಿತ ಅದಕ್ಕೆ ಟೆಸ್ಟ್ ಬರೆದವರಿಗೆ ಫೋಲ್ಡರ್ ಬದಲಿಸುವುದು ಸುಲಭವಾಗಿದೆ. ಬರೀ ಫೋಲ್ಡರ್ ಬದಲಿಸಿದವರ ವ್ಯೂಗಳಲ್ಲಿ ಆ 27 ಇನ್ನೂ ಕೂತಿದೆ. ಹಳೆಯ ಪ್ರಾಜೆಕ್ಟನ್ನು ಒಂದೇ ಸಲ ಬದಲಿಸಲು ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಹೊಸ ಭಾಗಗಳು ಹೊಸ ರೀತಿಯಲ್ಲಿ, ಹಳೆಯವು ಇದ್ದಲ್ಲೇ. ಒಂದೇ ಕೋಡಿನಲ್ಲಿ ಎರಡೂ ಪದ್ಧತಿ ನಡೆಯುತ್ತಿರುತ್ತವೆ, ಹೊಸಬರು ಪಕ್ಕದವರನ್ನು ಕೇಳಿಯೇ ಫೈಲ್ ಹುಡುಕಬೇಕು.