ಬಿಚ್ಚಿ ಹಾಕಿದರೆ ಸರಿಹೋಗುವ ದೋಷ

ಸಂಡೂರಿನ ಗಣಿಗಳಿಂದ ಅದಿರು ಹೊರುವ ಟಿಪ್ಪರ್ ಚಾಲಕರಿಗೆ ಈ ಕಾಟ ಹೊಸದಲ್ಲ: ಗುಂಡಿಗೆ ಚಕ್ರ ಇಳಿದರೆ ಹೆಡ್‌ಲೈಟ್ ಆರುತ್ತದೆ, ಮುಂದಿನ ಗುಂಡಿಗೆ ತಾನೇ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಎಲ್ಲ ಸರಿ. ಮೆಕ್ಯಾನಿಕ್ ಕನೆಕ್ಟರ್ ಬಿಚ್ಚಿ, ಊದಿ, ಮತ್ತೆ ಸಿಕ್ಕಿಸುತ್ತಾನೆ. ಕೆಲವು ದಿನ ತೊಂದರೆಯಿಲ್ಲ. ಆಮೇಲೆ ಮತ್ತೆ ಅದೇ ರಾಗ.

ಬರೀ ಬಿಚ್ಚಿ ಹಾಕಿದ್ದಕ್ಕೆ ಸರಿಹೋದದ್ದೇಕೆ? ಕನೆಕ್ಟರಿನ ಪಿನ್ನುಗಳಿಗೆ ಹೆಚ್ಚಾಗಿ ತವರದ ಲೇಪನವಿರುತ್ತದೆ. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳು ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಉಬ್ಬುಗಳಲ್ಲಿ; ಕರೆಂಟೆಲ್ಲ ಅಲ್ಲಿಂದಲೇ ಹಾಯಬೇಕು. ಗಾಡಿಯ ನಡುಕಕ್ಕೆ ಪಿನ್ನು ಕೂದಲೆಳೆಯಷ್ಟೂ ಇಲ್ಲದ ದೂರ ಹಿಂದೆಮುಂದೆ ಸರಿದಾಡುತ್ತಿರುತ್ತದೆ. ಉಜ್ಜಿದಾಗಲೆಲ್ಲ ಹೊಸ ತವರ ಗಾಳಿಗೆ ತೆರೆದುಕೊಂಡು ಆಕ್ಸೈಡ್ ಆಗುತ್ತದೆ. ಕರೆಂಟು ಹರಿಯಗೊಡದ ಆ ಪುಡಿ ತಾಗುವ ಜಾಗದಲ್ಲೇ ಕೂರುತ್ತದೆ. ಎಳೆದು ಸಿಕ್ಕಿಸಿದಾಗ ಪುಡಿ ಒರೆಸಿಹೋಗುತ್ತದೆ, ಅಷ್ಟೇ. ಸಡಿಲ ಹಿಡಿತ ಹಾಗೇ ಉಳಿಯುತ್ತದೆ. ದೋಷ ಎಲ್ಲಿತ್ತೆಂಬ ಸುಳಿವೂ ಅದರೊಂದಿಗೆ ಹೋಯಿತು. ಆದ್ದರಿಂದ ಅಳೆಯುವ ಮೊದಲು ಏನನ್ನೂ ಬಿಚ್ಚಬಾರದು.

ಅಳತೆಯಲ್ಲೂ ಒಂದು ಮೋಸವಿದೆ. ಬಲ್ಬ್ ತೆಗೆದು ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದರೆ ಗಾಡಿಯ ಪೂರ್ತಿ 24 ವೋಲ್ಟ್ ಬರುತ್ತದೆ, ವೈರಿಂಗ್ ಚೆನ್ನಾಗಿದೆ ಎಂದುಬಿಡುತ್ತೇವೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಎಳೆಯುವ ಕರೆಂಟು ಬರೀ 2.4 ಮೈಕ್ರೋಆಂಪಿಯರ್. ದಾರಿಯಲ್ಲಿ 1,000 ಓಮ್ ಅಡ್ಡಿಯಿದ್ದರೂ ಅಲ್ಲಿ ಕಳೆಯುವುದು 2.4 ಮಿಲಿವೋಲ್ಟ್, ಮೀಟರಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ. 70 ವ್ಯಾಟಿನ ಬಲ್ಬಿಗಾದರೋ ಸುಮಾರು 3 ಆಂಪಿಯರ್ ಬೇಕು. ಕೇವಲ 1 ಓಮ್ ಅಡ್ಡಿ ಬಂದರೂ 3 ವೋಲ್ಟಿನ ಹತ್ತಿರ ಅಲ್ಲೇ ಕಳೆದು ಬೆಳಕು ಮಂಕಾಗುತ್ತದೆ. ವೈರಿಗೆ ಬಲ್ಬ್ ಕಟ್ಟಿದ ಹಳೆಯ ಟೆಸ್ಟ್ ಲ್ಯಾಂಪ್ ಲೈಟಿನ ಲೈನಿನಲ್ಲಿ ಇಂಥ ಮೀಟರಿಗಿಂತ ನಂಬಿಕಸ್ಥ. (ಸೆನ್ಸರ್ ವೈರುಗಳಿಗೆ ಮಾತ್ರ ಅದನ್ನು ಮುಟ್ಟಿಸಬೇಡಿ.)

ಮೀಟರನ್ನೇ ಬಳಸುವುದಾದರೆ ಲೈಟ್ ಉರಿಯುತ್ತಿರಲಿ. ಎರಡು ಮೊನೆಗಳನ್ನು ಕನೆಕ್ಟರಿನ ಆಚೆಗೊಂದು ಈಚೆಗೊಂದು ಹಿಡಿಯಿರಿ. ಒಳ್ಳೆಯ ಜಾಯಿಂಟಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಈಗ ವೈರನ್ನು ಇಂಚಿಂಚಾಗಿ ಅಲುಗಾಡಿಸಿ, ಅಂಕಿ ಎಲ್ಲಿ ಜಿಗಿಯುತ್ತದೆ ನೋಡಿ. ಅದಕ್ಕೂ ಬಗ್ಗದಿದ್ದರೆ ಬಿಸಿ ಮಾಡಬೇಕು. ರಾಯಚೂರಿನ 40 ಡಿಗ್ರಿ ದಾಟಿದ ಮಧ್ಯಾಹ್ನ ಕೆಡುವ ಗಾಡಿಯನ್ನು ಬೆಳಗಿನ ತಂಪಿನಲ್ಲಿ ಪರೀಕ್ಷಿಸಿ ಏನು ಸಿಕ್ಕೀತು? ಕೂದಲೊಣಗಿಸುವ ಡ್ರೈಯರ್ ಹಿಡಿದರೆ ಪ್ಲಾಸ್ಟಿಕ್ಕೂ ಲೋಹವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ಅಡಗಿದ್ದ ಬಿರುಕು ಬಾಯಿಬಿಡಬಹುದು.

ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಹೆಡ್‌ಲೈಟೂ ಮಿನುಗಿದರೆ ಇಷ್ಟೆಲ್ಲ ಬೇಡ. ಹೆಚ್ಚಾಗಿ ಎರಡೂ ಒಂದೇ ಅರ್ತ್ ಬೋಲ್ಟಿಗೆ (ಕರೆಂಟು ಗಾಡಿಯ ಚಾಸಿಗೆ ಮರಳುವ ಜಾಗ) ಹೋಗುತ್ತಿರುತ್ತವೆ, ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರುತ್ತದೆ. ಹೊಳೆಯುವ ಲೋಹ ಕಾಣುವವರೆಗೆ ಕೆರೆದು ಬಿಗಿಯಿರಿ.